ಬಿಡಿಯನ್ನು ಇಡಿಯಾಗಿಸಿದ ರಾಬರ್ಟ್ ನಾಯ್ಸ್

ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ನೀವೆಲ್ಲ ನೋಡಿರುತ್ತೀರಿ. ಅಂಗಡಿಯವರು ಮೊದಲು ಖಾಲಿ ಡಬ್ಬವನ್ನು ಅದರ ಮೇಲಿಟ್ಟು ಒಂದು ಗುಂಡಿಯನ್ನು ಒತ್ತುತ್ತಾರೆ. ಅಂಕಿ ಸೊನ್ನೆಗೆ ಬರುತ್ತದೆ. ಬಳಿಕ ಅಕ್ಕಿ ಸುರಿದಾಗ ಡಬ್ಬದ ತೂಕ ಬಿಟ್ಟು ಅಕ್ಕಿಯ ತೂಕವಷ್ಟೇ ಕಾಣಿಸುತ್ತದೆ. ಕರೆಂಟು ಹೋದರೂ ತಕ್ಕಡಿ ನಿಲ್ಲುವುದಿಲ್ಲ. ಒಳಗಿರುವ ಬ್ಯಾಟರಿಯಿಂದ ಗಂಟೆಗಟ್ಟಲೆ ನಡೆಯುತ್ತದೆ. ಡಬ್ಬದ ತೂಕವನ್ನು ನೆನಪಿಟ್ಟುಕೊಂಡದ್ದು ಯಾವುದು? ಗುಂಡಿ ಒತ್ತಿದ್ದು ಅದಕ್ಕೆ ತಿಳಿದದ್ದು ಹೇಗೆ? ಸಣ್ಣ ಬ್ಯಾಟರಿಯಿಂದ ಅಷ್ಟು ಹೊತ್ತು ನಡೆಯುವುದು ಹೇಗೆ?

ತಕ್ಕಡಿಯ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗಿನ ಹಲಗೆಯ ಮೇಲೆ ಹಲವು ಕಾಲುಗಳ ಕಪ್ಪು ಹುಳುವಿನಂತಹ ವಸ್ತುವೊಂದು ಕಾಣುತ್ತದೆ. ಆ ಕಪ್ಪು ಕವಚದೊಳಗೆ ಕೆಲವೇ ಮಿಲಿಮೀಟರ್ ಅಗಲದ ಸಿಲಿಕಾನ್ ಚೂರು ಇದೆ. ಇದರ ಹೆಸರು ಮೈಕ್ರೋಕಂಟ್ರೋಲರ್, ಅಂದರೆ ಕಿರುನಿಯಂತ್ರಕ. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ಗುಂಡಿ ಮತ್ತು ಪರದೆಗಳೊಡನೆ ವ್ಯವಹರಿಸುವ ಭಾಗ, ಇವೆಲ್ಲವೂ ಆ ಒಂದೇ ಚೂರಿನ ಮೇಲೆ ಒಟ್ಟಾಗಿ ಕುಳಿತಿವೆ. ಒಂದು ಕಾಲದಲ್ಲಿ ಇವೆಲ್ಲ ಬೇರೆ ಬೇರೆಯಾಗಿದ್ದವು. ಒಂದೊಂದು ಬಿಡಿಭಾಗವನ್ನೂ ಮನುಷ್ಯರು ಕೈಯಿಂದ ತಂತಿ ಹಚ್ಚಿ ಜೋಡಿಸಬೇಕಾಗಿತ್ತು. ಹೀಗೆ ಬಿಡಿಬಿಡಿಯಾಗಿದ್ದುದನ್ನು ಒಂದು ಇಡಿಯಾಗಿ ಮಾಡಬಹುದು ಎಂದು ತೋರಿಸಿಕೊಟ್ಟವರಲ್ಲಿ ಮುಖ್ಯರಾದವರು ಅಮೆರಿಕದ ವಿಜ್ಞಾನಿ ರಾಬರ್ಟ್ ನಾಯ್ಸ್.

ಅಮೆರಿಕದ ನಡುಭಾಗದಲ್ಲಿ ಅಯೋವಾ ಎಂಬ ರಾಜ್ಯವಿದೆ. ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳದ ಹೊಲಗಳಿರುವ ನಾಡು ಅದು. ಅಲ್ಲಿನ ಬರ್ಲಿಂಗ್ಟನ್ ಎಂಬ ಪಟ್ಟಣದಲ್ಲಿ 1927ರ ಡಿಸೆಂಬರ್ 12ರಂದು ರಾಬರ್ಟ್ ಹುಟ್ಟಿದ. ತಂದೆ ರಾಲ್ಫ್ ನಾಯ್ಸ್ ಕ್ರೈಸ್ತ ಧರ್ಮಬೋಧಕರು, ತಾಯಿ ಹ್ಯಾರಿಯೆಟ್. ನಾಲ್ವರು ಗಂಡುಮಕ್ಕಳಲ್ಲಿ ರಾಬರ್ಟ್ ಮೂರನೆಯವನು. ಮನೆಯಲ್ಲಿ ಎಲ್ಲರೂ ಅವನನ್ನು ಬಾಬ್ ಎಂದು ಕರೆಯುತ್ತಿದ್ದರು. ತಂದೆಗೆ ಊರಿಂದೂರಿಗೆ ವರ್ಗವಾಗುತ್ತಿತ್ತು. ಸಂಬಳ ಕಡಿಮೆ. ಕೊನೆಗೆ ಕುಟುಂಬ ಗ್ರಿನೆಲ್ ಎಂಬ ಚಿಕ್ಕ ಊರಿನಲ್ಲಿ ನೆಲೆಸಿತು.

ಬಾಬ್ ಐದು ವರ್ಷದವನಿದ್ದಾಗ ಒಂದು ದಿನ ತಂದೆಯೊಡನೆ ಟೇಬಲ್ ಟೆನಿಸ್ ಆಡಿ ಗೆದ್ದನು. ಕುಣಿಯುತ್ತ ಹೋಗಿ ತಾಯಿಗೆ ಹೇಳಿದಾಗ, ಅಪ್ಪ ಮಗುವಿಗಾಗಿ ಬೇಕೆಂದೇ ಸೋತಿರಬೇಕು ಎಂಬ ಅರ್ಥದಲ್ಲಿ ಆಕೆ ಮೆಚ್ಚಿ ಮಾತನಾಡಿದರು. ಬಾಬ್‌ನ ಮುಖ ಬಾಡಿತು. ಆಡುವುದಾದರೆ ಗೆಲ್ಲಲೆಂದೇ ಆಡಬೇಕು ಎಂಬುದು ಆ ಪುಟ್ಟ ಹುಡುಗನ ವಾದ. ದೊಡ್ಡವರಾದ ಮೇಲೂ ನಾಯ್ಸ್ ಈ ಪ್ರಸಂಗವನ್ನು ನೆನೆಯುತ್ತಿದ್ದರು. ಅಂಗಡಿಯಿಂದ ಆಟಿಕೆ ತರಲು ಮನೆಯಲ್ಲಿ ಹಣವಿರಲಿಲ್ಲ. ಬೇಕಾದುದನ್ನು ಮಕ್ಕಳೇ ಮಾಡಿಕೊಳ್ಳುತ್ತಿದ್ದರು. ಬಾಬ್ ಸ್ವತಃ ರೇಡಿಯೋ ಜೋಡಿಸಿದ. ಹಳೆಯ ಬಟ್ಟೆ ಒಗೆಯುವ ಯಂತ್ರದ ಎಂಜಿನ್ನನ್ನು ಹಿಮದ ಮೇಲೆ ಜಾರುವ ಬಂಡಿಗೆ ಕಟ್ಟಿ, ಹಿಂದೆ ಪಂಖ ಸೇರಿಸಿ ಓಡಿಸಿದ. 1940ರ ಬೇಸಿಗೆಯಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅಣ್ಣ ಗೇಲಾರ್ಡ್ ಜೊತೆ ಸೇರಿ ಮನುಷ್ಯನನ್ನು ಹೊರಬಲ್ಲ ಗ್ಲೈಡರ್ ಒಂದನ್ನು ತಯಾರಿಸಿದ. ಅದನ್ನು ಹಿಡಿದು ಗ್ರಿನೆಲ್ ಕಾಲೇಜಿನ ಕುದುರೆ ಲಾಯದ ಮಾಡಿನಿಂದ ಹಾರಿಯೂ ನೋಡಿದ. ಮುಂದೆ ನಾಯ್ಸ್ ಅವರು ವಿಮಾನ ನಡೆಸಲು ಕಲಿತು ಸ್ವಂತ ವಿಮಾನದಲ್ಲಿ ಹಾರಾಡಿದರು. ಅದರ ಮೊದಲ ಪಾಠ ಆ ಲಾಯದ ಮಾಡಿನ ಮೇಲೆ ನಡೆದಿತ್ತು.

ಶಾಲೆ ಮುಗಿಸಿ ನಾಯ್ಸ್ ಗ್ರಿನೆಲ್ ಕಾಲೇಜಿಗೇ ಸೇರಿದರು. ಭೌತಶಾಸ್ತ್ರ, ಗಣಿತ ಎರಡರಲ್ಲೂ ಜಾಣರು. ಈಜಿನಲ್ಲಿ ಮುಂದು. ನಾಟಕ, ಹಾಡು ಎಲ್ಲದರಲ್ಲಿಯೂ ಆಸಕ್ತಿ. ಆದರೆ 1948ರಲ್ಲಿ ಅವರ ಬದುಕನ್ನೇ ಕೆಡಿಸಬಹುದಾಗಿದ್ದ ಒಂದು ಘಟನೆ ನಡೆಯಿತು. ವಿದ್ಯಾರ್ಥಿನಿಲಯದಲ್ಲಿ ಒಂದು ಔತಣ ಏರ್ಪಟ್ಟಿತ್ತು. ಅದಕ್ಕೆ ಹಂದಿಯೊಂದನ್ನು ತರುವ ಕೆಲಸ ನಾಯ್ಸ್ ಮತ್ತು ಅವರ ಗೆಳೆಯನ ಪಾಲಿಗೆ ಬಂತು. ಇಬ್ಬರೂ ರಾತ್ರಿ ಹತ್ತಿರದ ತೋಟಕ್ಕೆ ನುಗ್ಗಿ ಹಂದಿಮರಿಯನ್ನು ಕದ್ದು ತಂದರು. ಬೆಳಗಾದಾಗ ತಪ್ಪಿನ ಅರಿವಾಯಿತು. ರೈತನ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಹಣ ಕೊಡುತ್ತೇವೆಂದರು. ಆದರೆ ಆ ರೈತ ಊರಿನ ಮೇಯರೂ ಆಗಿದ್ದರು. ಜಾನುವಾರು ಸಾಕಿ ಬದುಕುವ ಆ ಸೀಮೆಯಲ್ಲಿ ಸಾಕುಪ್ರಾಣಿಯ ಕಳವೆಂದರೆ ಜೈಲಿಗೆ ಹೋಗಬೇಕಾದ ಅಪರಾಧ.

ಆಗ ನೆರವಿಗೆ ಬಂದವರು ಭೌತಶಾಸ್ತ್ರದ ಅಧ್ಯಾಪಕ ಗ್ರಾಂಟ್ ಗೇಲ್. ಇಂತಹ ವಿದ್ಯಾರ್ಥಿಯನ್ನು ಕಳೆದುಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಅವರೂ ಕಾಲೇಜಿನ ಅಧ್ಯಕ್ಷರೂ ಮಾತನಾಡಿ, ರೈತನಿಗೆ ಪರಿಹಾರ ಕೊಡಿಸಿ, ಮೊಕದ್ದಮೆಯಾಗದಂತೆ ನೋಡಿಕೊಂಡರು. ಹಾಗೆಂದು ತಪ್ಪಿಗೆ ಶಿಕ್ಷೆ ತಪ್ಪಲಿಲ್ಲ. ನಾಯ್ಸ್ ಒಂದು ಸೆಮಿಸ್ಟರ್ ಕಾಲ ಕಾಲೇಜಿನಿಂದ ಹೊರಗಿರಬೇಕಾಯಿತು. ಆ ತಿಂಗಳುಗಳಲ್ಲಿ ಅವರು ನ್ಯೂಯಾರ್ಕಿನ ವಿಮಾ ಕಚೇರಿಯೊಂದರಲ್ಲಿ ಲೆಕ್ಕದ ಕೆಲಸ ಮಾಡಿದರು. ಮರಳಿ ಬಂದು 1949ರಲ್ಲಿ ಪದವಿ ಪಡೆದರು. ಶಿಕ್ಷೆ ಕೊಟ್ಟರೂ ಬಾಗಿಲು ಮುಚ್ಚದ ಆ ಕಾಲೇಜನ್ನು ಅವರು ಎಂದೂ ಮರೆಯಲಿಲ್ಲ.

ಇದೇ ಗೇಲ್ ಅವರ ತರಗತಿಯಲ್ಲಿ ನಾಯ್ಸ್ ಅವರಿಗೆ ಟ್ರಾನ್ಸಿಸ್ಟರ್ ಎಂಬ ಹೊಸ ಸಾಧನದ ಪರಿಚಯವಾಯಿತು. ಅಲ್ಲಿಯವರೆಗೆ ರೇಡಿಯೋಗಳಲ್ಲಿ, ಲೆಕ್ಕ ಮಾಡುವ ಯಂತ್ರಗಳಲ್ಲಿ ಬಳಸುತ್ತಿದ್ದುದು ಗಾಜಿನ ವಾಲ್ವುಗಳನ್ನು. ಅವು ಬಲ್ಬಿನಂತೆ ಬಿಸಿಯಾಗುತ್ತಿದ್ದವು, ಬೇಗ ಸುಟ್ಟುಹೋಗುತ್ತಿದ್ದವು, ಬಹಳ ವಿದ್ಯುತ್ತನ್ನು ಕುಡಿಯುತ್ತಿದ್ದವು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಅವರು ಅರೆವಾಹಕದ ಸಣ್ಣ ತುಂಡೊಂದು ಅದೇ ಕೆಲಸ ಮಾಡುವಂತೆ ಸಾಧಿಸಿದರು. ಅದೇ ಟ್ರಾನ್ಸಿಸ್ಟರ್. ಗೇಲ್ ಅವರಿಗೆ ಬಾರ್ಡೀನ್ ಹಳೆಯ ಪರಿಚಯ. ಹೀಗಾಗಿ ದೊಡ್ಡ ವಿಶ್ವವಿದ್ಯಾಲಯಗಳಿಗೂ ಸರಿಯಾಗಿ ತಲುಪದ ವಿಷಯ ಮೆಕ್ಕೆಜೋಳದ ಸೀಮೆಯ ಆ ಪುಟ್ಟ ಕಾಲೇಜಿಗೆ ಬೇಗ ತಲುಪಿತು. ನಾಯ್ಸ್ ಅವರ ಮನಸ್ಸು ಅದರಲ್ಲೇ ನೆಟ್ಟಿತು. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1953ರಲ್ಲಿ ಡಾಕ್ಟರೇಟ್ ಪಡೆದು, ಫಿಲ್ಕೋ ಎಂಬ ಕಂಪನಿಯಲ್ಲಿ ಮೂರು ವರ್ಷ ಟ್ರಾನ್ಸಿಸ್ಟರುಗಳ ಕೆಲಸ ಮಾಡಿದರು.

1956ರಲ್ಲಿ ವಿಲಿಯಂ ಶಾಕ್ಲಿ ಅವರಿಂದ ಕರೆ ಬಂತು. ಟ್ರಾನ್ಸಿಸ್ಟರ್ ಸಂಶೋಧನೆಗಾಗಿ ಬಾರ್ಡೀನ್, ಬ್ರಾಟೇನ್ ಅವರೊಂದಿಗೆ ಆ ವರ್ಷವೇ ನೊಬೆಲ್ ಪ್ರಶಸ್ತಿ ಪಡೆದವರು ಶಾಕ್ಲಿ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಎಂಬಲ್ಲಿ ಅವರು ಪ್ರಯೋಗಾಲಯ ತೆರೆದು ಪ್ರತಿಭಾವಂತ ಯುವಕರನ್ನು ಸೇರಿಸಿಕೊಂಡಿದ್ದರು. ಸುತ್ತಲೂ ಹಣ್ಣಿನ ತೋಟಗಳಿದ್ದ ಆ ಪ್ರದೇಶವನ್ನು ಇಂದು ಸಿಲಿಕಾನ್ ಕಣಿವೆ ಎಂದು ಕರೆಯುತ್ತಾರೆ. ಶಾಕ್ಲಿ ಮಹಾ ಬುದ್ಧಿವಂತರು. ಆದರೆ ಜೊತೆಯವರನ್ನು ನಂಬುತ್ತಿರಲಿಲ್ಲ. ಸಣ್ಣ ಅವಘಡವಾದರೂ ಯಾರೋ ಬೇಕೆಂದೇ ಮಾಡಿದ್ದಾರೆಂದು ಸಂಶಯಪಡುತ್ತಿದ್ದರು. ಸಿಬ್ಬಂದಿಯನ್ನು ಸುಳ್ಳುಪತ್ತೆ ಪರೀಕ್ಷೆಗೆ ಒಳಪಡಿಸಲೂ ಮುಂದಾದರು. ಬೇಸತ್ತ ಎಂಟು ಮಂದಿ 1957ರ ಸೆಪ್ಟೆಂಬರಿನಲ್ಲಿ ಒಟ್ಟಿಗೆ ಕೆಲಸ ಬಿಟ್ಟರು. ನಾಯ್ಸ್ ತುಂಬ ಯೋಚಿಸಿ ಕೊನೆಯಲ್ಲಿ ಆ ಗುಂಪನ್ನು ಸೇರಿದರು. ಆದರೆ ಸೇರಿದ ಮೇಲೆ ಎಲ್ಲರೂ ಅವರನ್ನೇ ಮುಂದಾಳು ಎಂದು ಕಂಡರು. ಈ ಎಂಟು ಮಂದಿ ಕಟ್ಟಿದ ಸಂಸ್ಥೆಯೇ ಫೇರ್‌ಚೈಲ್ಡ್ ಸೆಮಿಕಂಡಕ್ಟರ್.

ಆ ಹೊತ್ತಿಗೆ ಎಲೆಕ್ಟ್ರಾನಿಕ್ಸ್ ಲೋಕ ಒಂದು ಕಗ್ಗಂಟಿನಲ್ಲಿ ಸಿಲುಕಿತ್ತು. ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ಒಮ್ಮೆಗೇ ನೂರಾರು ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿದ್ದರು. ತಯಾರಾದ ಮೇಲೆ ಬಿಲ್ಲೆಯನ್ನು ಕತ್ತರಿಸಿ ಅವುಗಳನ್ನು ಬಿಡಿಬಿಡಿ ಮಾಡುತ್ತಿದ್ದರು. ಒಂದೊಂದಕ್ಕೂ ತಂತಿ ಹಚ್ಚಿ, ಲೋಹದ ಡಬ್ಬಿಯಲ್ಲಿ ಮುಚ್ಚಿ ಮಾರುತ್ತಿದ್ದರು. ಕೊಂಡವರು ಅವನ್ನು ಮತ್ತೆ ಹಲಗೆಯ ಮೇಲಿಟ್ಟು, ತಂತಿಯಿಂದ ಬೆಸುಗೆ ಹಾಕಿ ಒಂದುಗೂಡಿಸುತ್ತಿದ್ದರು. ಯಂತ್ರ ದೊಡ್ಡದಾದಂತೆ ಬೆಸುಗೆಗಳು ಸಾವಿರ, ಹತ್ತು ಸಾವಿರ ಆಗುತ್ತಿದ್ದವು. ಒಂದು ಬೆಸುಗೆ ಸಡಿಲವಾದರೂ ಇಡೀ ಯಂತ್ರ ಕೆಡುತ್ತಿತ್ತು. ಜೊತೆಯಾಗಿಯೇ ಹುಟ್ಟಿದವುಗಳನ್ನು ಕತ್ತರಿಸುವುದೇಕೆ, ಕತ್ತರಿಸಿದ ಮೇಲೆ ಮತ್ತೆ ಜೋಡಿಸುವುದೇಕೆ ಎಂಬುದೇ ನಾಯ್ಸ್ ಅವರನ್ನು ಕಾಡಿದ ಪ್ರಶ್ನೆ.

ಈ ಪ್ರಶ್ನೆ ಹೊಳೆದದ್ದು ಅವರೊಬ್ಬರಿಗೇ ಅಲ್ಲ. ಟೆಕ್ಸಾಸ್ ರಾಜ್ಯದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗೆ ಹೊಸದಾಗಿ ಸೇರಿದ್ದ ಜ್ಯಾಕ್ ಕಿಲ್ಬಿ ಎಂಬ ಎಂಜಿನಿಯರ್ 1958ರ ಬೇಸಿಗೆಯಲ್ಲಿ ಇದನ್ನೇ ಯೋಚಿಸುತ್ತಿದ್ದರು. ಉಳಿದವರೆಲ್ಲ ರಜೆಯ ಮೇಲೆ ಹೋಗಿದ್ದಾಗ, ಹೊಸಬರಾದ ಅವರಿಗೆ ರಜೆಯಿರಲಿಲ್ಲ. ಆ ಏಕಾಂತದಲ್ಲಿ ಅವರಿಗೆ ದಾರಿ ಹೊಳೆಯಿತು. ಸೆಪ್ಟೆಂಬರ್ 12ರಂದು ಜರ್ಮೇನಿಯಂ ತುಂಡೊಂದರ ಮೇಲೆ ಇಡೀ ವಿದ್ಯುನ್ಮಂಡಲವನ್ನು ಮಾಡಿ ತೋರಿಸಿದರು. ಆದರೆ ಅದರ ಭಾಗಗಳನ್ನು ಕೂಡಿಸಲು ಕೂದಲಿನಂತಹ ಚಿನ್ನದ ತಂತಿಗಳನ್ನು ಕೈಯಿಂದಲೇ ಹಚ್ಚಬೇಕಾಗಿತ್ತು. ಸಾವಿರಾರು ತಯಾರಿಸುವುದಕ್ಕೆ ಆ ವಿಧಾನ ಒಗ್ಗುತ್ತಿರಲಿಲ್ಲ.

ತಂತಿಯ ತೊಡಕನ್ನು ಬಿಡಿಸಿದವರು ನಾಯ್ಸ್. ಅದಕ್ಕೆ ಆಧಾರವಾದದ್ದು ಅವರ ಸಹೋದ್ಯೋಗಿ ಜೀನ್ ಹೋರ್ನಿ ಕಂಡುಹಿಡಿದ ವಿಧಾನ. ಸಿಲಿಕಾನನ್ನು ಬಿಸಿಮಾಡಿದಾಗ ಅದರ ಮೇಲೆ ಗಾಜಿನಂತಹ ಆಕ್ಸೈಡ್ ಪದರ ಕೂರುತ್ತದೆ. ಉಳಿದವರು ಅದನ್ನು ಕೊನೆಗೆ ತೊಳೆದುಹಾಕುತ್ತಿದ್ದರು. ಅದನ್ನು ಹಾಗೆಯೇ ಉಳಿಸಿಕೊಂಡರೆ ಕೆಳಗಿನ ಟ್ರಾನ್ಸಿಸ್ಟರಿಗೆ ಧೂಳು, ತೇವ ತಾಗುವುದಿಲ್ಲ ಎಂದು ಹೋರ್ನಿ ತೋರಿಸಿದರು. ನಾಯ್ಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಆಕ್ಸೈಡ್ ವಿದ್ಯುತ್ತನ್ನು ಹರಿಯಗೊಡದ ಅವಾಹಕ. ಹಾಗಿದ್ದ ಮೇಲೆ ಅದರಲ್ಲಿ ಬೇಕಾದಲ್ಲಿ ಮಾತ್ರ ಸಣ್ಣ ಕಿಂಡಿಗಳನ್ನು ಕೊರೆದು, ಮೇಲೆ ಅಲ್ಯೂಮಿನಿಯಂನ ತೆಳು ಗೆರೆಗಳನ್ನು ಎಳೆದರೆ ಸಾಕು. ಆ ಗೆರೆಗಳೇ ತಂತಿಗಳು. ರಂಗೋಲಿ ಅಚ್ಚಿನಿಂದ ಒಂದೇ ಸಲಕ್ಕೆ ಇಡೀ ಚಿತ್ತಾರ ಮೂಡುವಂತೆ, ಎಲ್ಲ ತಂತಿಗಳೂ ಒಟ್ಟಿಗೆ ಮೂಡುತ್ತವೆ. 1959ರ ಜನವರಿಯಲ್ಲಿ ಅವರು ಈ ವಿಚಾರವನ್ನು ಪುಸ್ತಕದಲ್ಲಿ ಬರೆದಿಟ್ಟರು. ಜುಲೈನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1960ರಲ್ಲಿ ಜೇ ಲಾಸ್ಟ್ ಅವರ ತಂಡ ಅದನ್ನು ಕಾರ್ಯರೂಪಕ್ಕೆ ತಂದಿತು. ಹೀಗೆ ಸಂಯೋಜಿತ ಮಂಡಲ, ಅಂದರೆ ನಾವು ಐ.ಸಿ. ಅಥವಾ ಚಿಪ್ ಎಂದು ಕರೆಯುವ ವಸ್ತು, ಕಾರ್ಖಾನೆಯಲ್ಲಿ ತಯಾರಾಗತೊಡಗಿತು.

ಚಿಪ್ಪನ್ನು ಮೊದಲು ಕಂಡುಹಿಡಿದವರು ಯಾರು ಎಂಬ ಬಗ್ಗೆ ಎರಡೂ ಕಂಪನಿಗಳು ಹಲವು ವರ್ಷ ವ್ಯಾಜ್ಯ ನಡೆಸಿದವು. ಆದರೆ ಕಿಲ್ಬಿ ಮತ್ತು ನಾಯ್ಸ್ ಒಬ್ಬರನ್ನೊಬ್ಬರು ಹಳಿಯಲಿಲ್ಲ. ಇಬ್ಬರೂ ಈ ಗೌರವವನ್ನು ಹಂಚಿಕೊಂಡರು. ಇಂದು ಲೋಕ ಇಬ್ಬರನ್ನೂ ಚಿಪ್ಪಿನ ಜನಕರೆಂದು ಒಪ್ಪಿದೆ.

ಹೊಸ ಚಿಪ್ಪುಗಳಿಗೆ ದೊರೆತ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಚಂದ್ರಯಾನ. ಅಪೋಲೊ ನೌಕೆಗೆ ದಾರಿ ತೋರಿಸುವ ಕಂಪ್ಯೂಟರಿಗೆ ಫೇರ್‌ಚೈಲ್ಡ್ ರೂಪಿಸಿದ ಬಗೆಯ ಸಾವಿರಾರು ಚಿಪ್ಪುಗಳನ್ನು ಬಳಸಲಾಯಿತು. ಆದರೆ ಆ ಕಂಪ್ಯೂಟರಿನ ನೆನಪು, ಅಂದರೆ ಮೆಮೊರಿ, ಚಿಪ್ಪಿನೊಳಗಿರಲಿಲ್ಲ. ಅದು ಪುಟ್ಟ ಪುಟ್ಟ ಕಾಂತೀಯ ಉಂಗುರಗಳ ಸಾಲಾಗಿತ್ತು. ತಂತಿ ಉಂಗುರದ ಒಳಗೆ ಹಾದುಹೋದರೆ ಒಂದು, ಹೊರಗೆ ಹಾದುಹೋದರೆ ಸೊನ್ನೆ. ಕಾರ್ಖಾನೆಯ ಮಹಿಳೆಯರು ಬಟ್ಟೆ ನೇಯುವಂತೆ ತಾಳ್ಮೆಯಿಂದ ತಂತಿ ಪೋಣಿಸಿ ಚಂದ್ರಯಾನದ ಕ್ರಮವಿಧಿಯನ್ನು ಹೆಣೆದರು. ಲೆಕ್ಕ ಮಾಡುವ ಭಾಗ ಚಿಪ್ಪಾಗಿತ್ತು. ನೆನಪು ಇನ್ನೂ ಕೈಮಗ್ಗದಲ್ಲಿಯೇ ಇತ್ತು ಎನ್ನಬಹುದು.

ವಿದ್ಯುತ್ತಿನ ಉಳಿತಾಯದ ಬೀಜ ಬಿದ್ದದ್ದೂ ಫೇರ್‌ಚೈಲ್ಡ್‌ನಲ್ಲಿಯೇ. 1963ರಲ್ಲಿ ಅಲ್ಲಿನ ಫ್ರ್ಯಾಂಕ್ ವಾನ್‌ಲಾಸ್ ಎಂಬ ತರುಣ ವಿಜ್ಞಾನಿ ಎರಡು ವಿರುದ್ಧ ಬಗೆಯ ಟ್ರಾನ್ಸಿಸ್ಟರುಗಳನ್ನು ಜೋಡಿಯಾಗಿಸಿದರು. ಕಾಲುವೆಯ ಮೇಲೊಂದು ತೂಬು, ಕೆಳಗೊಂದು ತೂಬು ಇದೆಯೆಂದು ಭಾವಿಸಿ. ಒಂದು ತೆರೆದಾಗ ಇನ್ನೊಂದು ತಪ್ಪದೆ ಮುಚ್ಚಿಕೊಂಡರೆ ನೀರು ಸುಮ್ಮನೆ ಹರಿದುಹೋಗುವುದಿಲ್ಲ. ಈ ಜೋಡಿಯೂ ಹಾಗೆಯೇ. ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗುವ ಕ್ಷಣದಲ್ಲಿ ಮಾತ್ರ ವಿದ್ಯುತ್ ಖರ್ಚಾಗುತ್ತದೆ; ಸುಮ್ಮನಿದ್ದಾಗ ಬಹುತೇಕ ಏನೂ ಖರ್ಚಾಗುವುದಿಲ್ಲ. ಈ ವಿಧಾನಕ್ಕೆ ಸಿ-ಮಾಸ್ ಎಂದು ಹೆಸರು. ಅದರ ನಿಜವಾದ ಬೆಲೆ ಲೋಕಕ್ಕೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇಂದಿನ ಕೈಗಡಿಯಾರ, ಮೊಬೈಲ್, ತಕ್ಕಡಿಗಳೆಲ್ಲ ಬ್ಯಾಟರಿಯಿಂದ ನಡೆಯುವುದು ಈ ವಿಧಾನದ ಬಲದಿಂದ.

1968ರಲ್ಲಿ ನಾಯ್ಸ್ ಅವರು ಗೆಳೆಯ ಗಾರ್ಡನ್ ಮೂರ್ ಜೊತೆ ಫೇರ್‌ಚೈಲ್ಡ್ ಬಿಟ್ಟು ಇಂಟೆಲ್ ಎಂಬ ಹೊಸ ಕಂಪನಿಯನ್ನು ಆರಂಭಿಸಿದರು. ಉಂಗುರಗಳ ನೆನಪನ್ನು ಸಿಲಿಕಾನಿಗೆ ಇಳಿಸುವುದೇ ಅದರ ಗುರಿ. 1970ರಲ್ಲಿ ಹೊರಬಂದ ಅವರ 1103 ಎಂಬ ಚಿಪ್ಪು 1,024 ಸೊನ್ನೆ-ಒಂದುಗಳನ್ನು ನೆನಪಿಡಬಲ್ಲದಾಗಿತ್ತು. ಕೆಲವೇ ವರ್ಷಗಳಲ್ಲಿ ಕಾಂತೀಯ ಉಂಗುರಗಳು ಮೂಲೆಗೆ ಸರಿದವು.

ಇಂಟೆಲ್ ಇನ್ನೂ ಎಳೆಯ ಸಸಿಯಾಗಿದ್ದಾಗ, 1969ರಲ್ಲಿ, ಜಪಾನಿನ ಬಿಸಿಕಾಮ್ ಎಂಬ ಕಂಪನಿ ತನ್ನ ಲೆಕ್ಕಯಂತ್ರಗಳಿಗೆ ಹಲವು ಬಗೆಯ ಚಿಪ್ಪುಗಳನ್ನು ಮಾಡಿಕೊಡುವಂತೆ ಕೇಳಿತು. ಒಂದೊಂದು ಕೆಲಸಕ್ಕೂ ಒಂದೊಂದು ಚಿಪ್ಪು ಬೇಡ. ಬರೆದಿಟ್ಟ ಸೂಚನೆಯಂತೆ ಯಾವ ಕೆಲಸವನ್ನಾದರೂ ಮಾಡುವ ಒಂದು ಚಿಪ್ಪನ್ನೇ ಮಾಡೋಣ ಎಂದು ಟೆಡ್ ಹಾಫ್ ಎಂಬ ಎಂಜಿನಿಯರ್ ಸಲಹೆ ಕೊಟ್ಟರು. ಕಂಪನಿಯ ಕೆಲಸ ಮೆಮೊರಿ ತಯಾರಿಕೆ, ಜನವೂ ಕಡಿಮೆ. ಬೇರೆಯವರಾಗಿದ್ದರೆ ಬೇಡವೆನ್ನುತ್ತಿದ್ದರೇನೋ. ನಾಯ್ಸ್ ಮುಂದುವರಿಯಲು ಹೇಳಿದರು. ಹಾಫ್, ಸ್ಟಾನ್ಲಿ ಮೇಜರ್, ಫೆಡೆರಿಕೊ ಫಾಜಿನ್ ಮತ್ತು ಜಪಾನಿನ ಮಸತೋಶಿ ಶಿಮಾ ಅವರ ದುಡಿಮೆಯಿಂದ 1971ರ ನವೆಂಬರಿನಲ್ಲಿ 4004 ಎಂಬ ಮೈಕ್ರೋಪ್ರೊಸೆಸರ್ ಮಾರುಕಟ್ಟೆಗೆ ಬಂತು. ಅದರಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು.

ಆದರೆ ಅದೊಂದರಿಂದಲೇ ಕೆಲಸ ನಡೆಯುತ್ತಿರಲಿಲ್ಲ. ಸೂಚನೆಗಳನ್ನು ಇಡಲು ಒಂದು ಚಿಪ್ಪು, ಲೆಕ್ಕದ ನಡುವಿನ ಅಂಕಿಗಳನ್ನು ಇಡಲು ಇನ್ನೊಂದು, ಹೊರಗಿನ ಸಂಪರ್ಕವನ್ನು ಹೆಚ್ಚಿಸಲು ಮತ್ತೊಂದು, ಹೀಗೆ ನಾಲ್ಕು ಬಗೆಯ ಚಿಪ್ಪುಗಳ ಕುಟುಂಬ ಅದು. ಬಿಡಿ ಟ್ರಾನ್ಸಿಸ್ಟರುಗಳು ಒಂದಾಗಿದ್ದವು. ಈಗ ಬಿಡಿ ಚಿಪ್ಪುಗಳು ಒಂದಾಗಬೇಕಾಗಿತ್ತು. ನಾಯ್ಸ್ ಅವರ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಎದುರು ನಿಂತಿತ್ತು.

ಇದಕ್ಕೆ ಉತ್ತರ ಕಂಡವರು ಹಲವರು. ಕಿಲ್ಬಿಯವರ ಕಂಪನಿಯಲ್ಲಿ ಗ್ಯಾರಿ ಬೂನ್ ಮತ್ತು ಮೈಕಲ್ ಕಾಕ್ರನ್ ಎಲ್ಲವನ್ನೂ ಒಂದೇ ಚೂರಿನ ಮೇಲೆ ತಂದರು. ಅದು 1974ರಲ್ಲಿ ಮಾರುಕಟ್ಟೆಗೆ ಬಂದಿತು. ಇಂಟೆಲ್ 1976ರಲ್ಲಿ 8048 ಎಂಬ ಮೈಕ್ರೋಕಂಟ್ರೋಲರನ್ನು ಹೊರತಂದಿತು. 1981ರಲ್ಲಿ ಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನ ಕೀಲಿಮಣೆಯೊಳಗೆ ಕುಳಿತು, ಯಾವ ಕೀಲಿಯನ್ನು ಒತ್ತಿದರೆಂದು ಗಮನಿಸುತ್ತಿದ್ದುದು ಈ ಚಿಪ್ಪೇ. 1980ರಲ್ಲಿ ಬಂದ 8051 ಇನ್ನೂ ಹೆಸರಾಯಿತು. ಇವುಗಳನ್ನು ರೂಪಿಸಿದವರು ಇಂಟೆಲ್‌ನ ಎಂಜಿನಿಯರುಗಳು, ನಾಯ್ಸ್ ಅಲ್ಲ. ಆದರೆ ಅವರು ನಿಂತ ನೆಲ ನಾಯ್ಸ್ ಹದಮಾಡಿದ್ದು.

8051ರ ಒಳಗನ್ನು ಒಮ್ಮೆ ನೋಡೋಣ. ಅದರಲ್ಲಿ ಎರಡು ಬಗೆಯ ನೆನಪು ಇದೆ. 4,096 ಬೈಟ್‌ಗಳ ಒಂದು ಭಾಗದಲ್ಲಿ ಮಾಡಬೇಕಾದ ಕೆಲಸದ ಸೂಚನೆಗಳು ಕಾಯಂ ಆಗಿ ಇರುತ್ತವೆ. ಕರೆಂಟು ಹೋದರೂ ಅಳಿಸುವುದಿಲ್ಲ. ಇದು ಬಾಯಿಪಾಠವಾದ ಮಗ್ಗಿಯ ಹಾಗೆ. 128 ಬೈಟ್‌ಗಳ ಇನ್ನೊಂದು ಭಾಗ ಸ್ಲೇಟಿನ ಹಾಗೆ: ಬರೆಯಬಹುದು, ಒರೆಸಬಹುದು. ಹೊರಲೋಕದೊಡನೆ ವ್ಯವಹರಿಸಲು 32 ದಾರಿಗಳಿವೆ. ಗುಂಡಿ ಒತ್ತಿದ್ದು ಒಳಕ್ಕೆ ತಿಳಿಯುವುದೂ ದೀಪ ಹಚ್ಚುವ ಆಜ್ಞೆ ಹೊರಕ್ಕೆ ಹೋಗುವುದೂ ಈ ದಾರಿಗಳಲ್ಲಿಯೇ. ಕಾಲವನ್ನು ಎಣಿಸಲು ಎರಡು ಗಣಕಗಳಿವೆ. ಬೇರೆ ಯಂತ್ರದೊಡನೆ ಒಂದೊಂದೇ ಅಕ್ಷರವಾಗಿ ಸಂದೇಶ ಕಳುಹಿಸಲು, ಪಡೆಯಲು ಒಂದು ಸರಣಿ ದ್ವಾರವಿದೆ.

ಇದೇ ಚಿಪ್ಪಿನ ಸಿ-ಮಾಸ್ ರೂಪ ಬಂದಾಗ ಅದಕ್ಕೆ ಎರಡು ಬಗೆಯ ನಿದ್ದೆಯನ್ನೂ ಕಲಿಸಿದರು. ಒಂದು ಕೋಳಿನಿದ್ದೆ. ಲೆಕ್ಕ ಮಾಡುವ ಭಾಗ ಮಾತ್ರ ಮಲಗಿರುತ್ತದೆ. ಕಾಲ ಎಣಿಸುವ ಭಾಗ, ಸಂದೇಶಕ್ಕೆ ಕಿವಿಗೊಡುವ ಭಾಗ ಎಚ್ಚರವಾಗಿರುತ್ತವೆ. ಇನ್ನೊಂದು ಕುಂಭಕರ್ಣ ನಿದ್ದೆ. ಆಗ ಚಿಪ್ಪಿನ ತಾಳ ಹಾಕುವ ಗಡಿಯಾರವೇ ನಿಲ್ಲುತ್ತದೆ. ಸ್ಲೇಟಿನ ಮೇಲೆ ಬರೆದದ್ದು ಮಾತ್ರ ಉಳಿಯುತ್ತದೆ. ಬೇಡದಾಗ ಮಲಗು, ಬೇಕಾದಾಗ ಏಳು ಎಂಬ ಈ ಶಿಸ್ತು ಬ್ಯಾಟರಿಯ ಬಾಳಿಕೆಯ ಗುಟ್ಟು. ಇಂದಿನ ಮೈಕ್ರೋಕಂಟ್ರೋಲರುಗಳಲ್ಲಿ ನೆನಪು ಹೆಚ್ಚಿದೆ, ನಿದ್ದೆಯ ಬಗೆಗಳು ಹೆಚ್ಚಿವೆ, ದ್ವಾರಗಳು ಹೆಚ್ಚಿವೆ. ಮೂಲ ವಿಚಾರ ಬದಲಾಗಿಲ್ಲ.

ನಮ್ಮ ದೇಶದ ವಿದ್ಯುನ್ಮಾನ ಮತಯಂತ್ರವನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಈ ಯಂತ್ರವನ್ನು ಮೊದಲು ಬಳಸಿದ್ದು 1982ರಲ್ಲಿ, ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ. 2004ರ ಲೋಕಸಭಾ ಚುನಾವಣೆ ದೇಶದಾದ್ಯಂತ ಇದರಿಂದಲೇ ನಡೆಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಇದನ್ನು ತಯಾರಿಸುತ್ತವೆ. ಇದರೊಳಗೂ ಮೈಕ್ರೋಕಂಟ್ರೋಲರ್ ಇದೆ. ಕರೆಂಟೇ ಇಲ್ಲದ ಕಾಡಂಚಿನ ಊರಿನಲ್ಲಿಯೂ ಅದು ಬ್ಯಾಟರಿಯಿಂದ ನಡೆಯುತ್ತದೆ. ಬ್ಯಾಟರಿ ತೆಗೆದರೂ ಮತಗಳ ಲೆಕ್ಕವನ್ನು ಮರೆಯುವುದಿಲ್ಲ. ಅಧಿಕಾರಿಯ ಮುಂದಿನ ನಿಯಂತ್ರಣ ಘಟಕವನ್ನೂ ಮರೆಯಲ್ಲಿರುವ ಮತದಾನ ಘಟಕವನ್ನೂ ಒಂದು ಕೇಬಲ್ ಕೂಡಿಸುತ್ತದೆ. ನೆನಪು, ವಿದ್ಯುತ್ತಿನ ಮಿತವ್ಯಯ, ಹೊರಗಿನ ಸಂಪರ್ಕ, ಈ ಮೂರೂ ಅಲ್ಲಿ ಒಟ್ಟಿಗೆ ದುಡಿಯುತ್ತವೆ.

ನಾಯ್ಸ್ ಅವರು ಯಂತ್ರಗಳಲ್ಲಿ ಮಾಡಿದ್ದನ್ನು ಮನುಷ್ಯರ ನಡುವೆಯೂ ಮಾಡಲು ಬಯಸಿದರು. ಇಂಟೆಲ್ ಕಚೇರಿಯಲ್ಲಿ ಮೇಲಧಿಕಾರಿಗಳಿಗೆಂದು ಬೇರೆ ವೈಭವದ ಕೋಣೆಗಳಿರಲಿಲ್ಲ. ವಾಹನ ನಿಲ್ಲಿಸಲು ಮೀಸಲು ಜಾಗವಿರಲಿಲ್ಲ. ಬೆಳಿಗ್ಗೆ ತಡವಾಗಿ ಬಂದವರು ದೊಡ್ಡವರಾದರೂ ದೂರ ನಿಲ್ಲಿಸಿ ನಡೆದೇ ಬರಬೇಕು. ಹೊಸ ಎಂಜಿನಿಯರ್ ಕೂಡ ನೇರವಾಗಿ ಅವರ ಮೇಜಿನ ಬಳಿ ಹೋಗಿ ತನ್ನ ವಿಚಾರ ಹೇಳಬಹುದಾಗಿತ್ತು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರಂತಹ ತರುಣರು ಅವರ ಮನೆಗೇ ಬಂದು ಸಲಹೆ ಪಡೆಯುತ್ತಿದ್ದರು. ಅವರಲ್ಲಿ ಕೊರತೆಗಳೂ ಇದ್ದವು. ಯಾರ ಮನಸ್ಸನ್ನೂ ನೋಯಿಸಲು ಇಷ್ಟಪಡದ ಕಾರಣ ಕಠಿಣ ನಿರ್ಧಾರಗಳನ್ನು ಮುಂದೂಡುತ್ತಿದ್ದರು. ಅಂತಹ ಕೆಲಸಗಳನ್ನು ಸಹೋದ್ಯೋಗಿಗಳು ಹೊರಬೇಕಾಗುತ್ತಿತ್ತು. ಎಲ್ಲ ಗುಣಗಳೂ ಒಬ್ಬರಲ್ಲಿಯೇ ಇರುವುದಿಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದಾಗ ಸಂಸ್ಥೆ ಬೆಳೆಯುತ್ತದೆ.

ಹಿಂದೆ ಶಿಕ್ಷೆ ಕೊಟ್ಟಿದ್ದ ಗ್ರಿನೆಲ್ ಕಾಲೇಜಿನ ಆಡಳಿತ ಮಂಡಳಿಯಲ್ಲಿ ನಾಯ್ಸ್ ಸದಸ್ಯರಾದರು. ಇಂಟೆಲ್ ಆರಂಭವಾದಾಗ ಕಾಲೇಜು ಅದರಲ್ಲಿ ಹಣ ತೊಡಗಿಸಿತು. ಆ ಹಣ ಹಲವು ಪಟ್ಟಾಗಿ ಬೆಳೆದು ಕಾಲೇಜಿಗೆ ಭದ್ರ ನೆಲೆಯಾಯಿತು. ಒಬ್ಬ ಹುಡುಗನಿಗೆ ತಿದ್ದಿಕೊಳ್ಳಲು ಕೊಟ್ಟ ಅವಕಾಶ ಹೀಗೆ ಫಲ ಕೊಟ್ಟಿತು.

ಅಮೆರಿಕ ಸರ್ಕಾರ 1979ರಲ್ಲಿ ವಿಜ್ಞಾನಕ್ಕಾಗಿ, 1987ರಲ್ಲಿ ತಂತ್ರಜ್ಞಾನಕ್ಕಾಗಿ ನಾಯ್ಸ್ ಅವರಿಗೆ ರಾಷ್ಟ್ರೀಯ ಪದಕ ನೀಡಿ ಗೌರವಿಸಿತು. 1988ರಲ್ಲಿ, ಪರಸ್ಪರ ಸ್ಪರ್ಧಿಗಳಾಗಿದ್ದ ಅಮೆರಿಕದ ಚಿಪ್ ಕಂಪನಿಗಳು ಸರ್ಕಾರದೊಂದಿಗೆ ಸೇರಿ ಆಸ್ಟಿನ್ ನಗರದಲ್ಲಿ ಸೆಮಾಟೆಕ್ ಎಂಬ ಸಂಸ್ಥೆಯನ್ನು ನಡೆಸುತ್ತಿದ್ದವು. ಅದರ ಹೊಣೆಯನ್ನು ನಾಯ್ಸ್ ವಹಿಸಿಕೊಂಡರು. ಬಿಡಿಯಾಗಿದ್ದವರನ್ನು ಒಂದುಗೂಡಿಸುವ ಕೆಲಸವೇ ಅವರ ಕೊನೆಯ ಕೆಲಸವೂ ಆಯಿತು. 1990ರ ಜೂನ್ 3ರಂದು, ಬೆಳಗಿನ ಈಜು ಮುಗಿಸಿದ ಮೇಲೆ, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 62 ವರ್ಷ.

ಹತ್ತು ವರ್ಷಗಳ ಬಳಿಕ, 2000ದಲ್ಲಿ, ಚಿಪ್ಪಿನ ಸಂಶೋಧನೆಗಾಗಿ ಜ್ಯಾಕ್ ಕಿಲ್ಬಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ನೊಬೆಲ್ ಪ್ರಶಸ್ತಿಯನ್ನು ತೀರಿಕೊಂಡವರಿಗೆ ಕೊಡುವುದಿಲ್ಲ. ನಾಯ್ಸ್ ಬದುಕಿದ್ದರೆ ತನ್ನೊಡನೆ ಈ ಪ್ರಶಸ್ತಿಯನ್ನು ಹಂಚಿಕೊಳ್ಳುತ್ತಿದ್ದರು ಎಂಬುದನ್ನು ಕಿಲ್ಬಿ ಮರೆಯದೆ ನೆನೆದರು. ಪ್ರಶಸ್ತಿಗಿಂತ ದೊಡ್ಡದಾದ ನಡತೆ ಅದು.

ಮುಂದಿನ ಸಲ ನ್ಯಾಯಬೆಲೆ ಅಂಗಡಿಗೆ ಹೋದಾಗ ತಕ್ಕಡಿಯ ಅಂಕಿ ಸೊನ್ನೆಗೆ ಬರುವುದನ್ನು ಗಮನಿಸಿ. ಅದರೊಳಗಿನ ಆ ಸಣ್ಣ ಚೂರಿನಲ್ಲಿ ಎಷ್ಟೋ ಜನರ ಬುದ್ಧಿ, ಎಷ್ಟೋ ಕೈಗಳ ದುಡಿಮೆ ಒಂದಾಗಿ ಸೇರಿದೆ. ಕತ್ತರಿಸದೆ ಉಳಿಸಿಕೊಂಡದ್ದರಿಂದಲೇ ಅದಕ್ಕೆ ಅಷ್ಟು ಶಕ್ತಿ ಬಂದಿದೆ.

ಅಭ್ಯಾಸ

1. ಹಂದಿಮರಿಯ ಘಟನೆಯಲ್ಲಿ ಗ್ರಾಂಟ್ ಗೇಲ್ ಅವರು ನಡೆದುಕೊಂಡ ರೀತಿ ಸರಿಯೇ? ನಿಮ್ಮ ಅಭಿಪ್ರಾಯವನ್ನು ಕಾರಣ ಸಹಿತ ಬರೆಯಿರಿ.
2. ಕಿಲ್ಬಿ ಮತ್ತು ನಾಯ್ಸ್ ಅವರ ಚಿಪ್ಪುಗಳಿಗೆ ಇದ್ದ ಮುಖ್ಯ ವ್ಯತ್ಯಾಸವೇನು?
3. ಮೈಕ್ರೋಕಂಟ್ರೋಲರಿನ ಎರಡು ಬಗೆಯ ನೆನಪನ್ನು ಲೇಖಕರು ಯಾವುದಕ್ಕೆ ಹೋಲಿಸಿದ್ದಾರೆ? ಆ ಹೋಲಿಕೆ ಹೇಗೆ ಹೊಂದುತ್ತದೆ?
4. ಮೈಕ್ರೋಕಂಟ್ರೋಲರ್ ನಿದ್ರಿಸುವುದರಿಂದ ಆಗುವ ಪ್ರಯೋಜನವೇನು?
5. ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಬ್ಯಾಟರಿಯಿಂದ ನಡೆಯುವ ಮೂರು ಸಾಧನಗಳನ್ನು ಹೆಸರಿಸಿ. ಅವು ಯಾವುದನ್ನು ನೆನಪಿಡುತ್ತವೆ, ಹೊರಗಿನ ಯಾವ ಭಾಗಗಳೊಡನೆ ಸಂಪರ್ಕ ಹೊಂದಿವೆ ಎಂಬುದನ್ನು ಪಟ್ಟಿ ಮಾಡಿ.